ಪಂಜರದಿಂದ ಹೊರಗೆ ಬಂದ ಸಂತ ಅಂತೋನಿ

ಒಂದು ಗಿಣಿಗಾಗಿ ಸಂತ ಅಂತೋನಿಯವರಿಗೆ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಹೇಳಿದೆ ಎಂದರೆ ಓದುವವರು ನಗಬಹುದು. ನಗಲಿ. ಕಾಯಿಲೆಗೆ, ಮದುವೆಗೆ, ಕಳೆದುಹೋದ ಬೀಗದ ಕೈಗೆ ಅವರನ್ನು ಕರೆದವರ ಅನುಭವಗಳನ್ನು ನಾನೂ ಈ ಪತ್ರಿಕೆಯ ಪುಟಗಳಲ್ಲಿ ಓದಿದ್ದೇನೆ, ಒಂದನ್ನೂ ಸುಳ್ಳು ಅಂದಿಲ್ಲ. ಬೇಡಿದ್ದು ಆದರೆ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ ಎಂದು ಹರಕೆ ಹೊತ್ತಿದ್ದೆ. ಆಗಿ ಮೂರು ವರ್ಷವಾಯಿತು. ಶಾಲೆಯ ಟೀಚರಿಗೆ ಮಕ್ಕಳ ಕಾಪಿ ತಿದ್ದುವುದರಲ್ಲೇ ಕೈ ಸೋಲುತ್ತದೆ, ಸ್ವಂತದ್ದು ಬರೆಯಲು ಪುರುಸೊತ್ತು ಎಲ್ಲಿ? ಇವತ್ತು ಹಟ ಹಿಡಿದು ಕೂತಿದ್ದೇನೆ.

ಐವತ್ತೆಂಟನೇ ಇಸವಿಯ ಮಳೆಗಾಲ. ಮಂಗಳೂರಿನ ಬಿಜೈಯ ನಮ್ಮ ಮನೆಯಿಂದ ನಾನೂ ಅಣ್ಣನೂ ಬಸ್ಸಿನಲ್ಲಿ ಆಸ್ಪತ್ರೆಗೆ ಹೊರಟಿದ್ದೆವು. ಅಣ್ಣನ ಮಡಿಲಲ್ಲಿ ಅವನ ಮಗಳು ಲೀನಾ. ಹೊಸದಾಗಿ ಶಾಲೆಗೆ ಸೇರಿದ ಮಗು. ಅವಳ ಬಾಯಿಗೆ ಒತ್ತಿದ್ದ ಟವೆಲು ಕೆಂಪಾಗಿತ್ತು.

"ಎಂತ ಆಯ್ತು ಪೊರ್ಬುಗಳೇ, ಮಗು ಬಿದ್ದದ್ದಾ?" ಎಂದು ಕಂಡಕ್ಟರ್ ಅಣ್ಣನನ್ನು ಕೇಳಿದ. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬು ಎಂದೇ ಕರೆಯುವುದು.

"ಗಿಣಿ ಕಚ್ಚಿದ್ದು," ಎಂದೆ ನಾನು.

"ಗಿಣಿಯಾ!"

ಹಿಂದಿನ ಸೀಟಿನಲ್ಲಿ ಒಂದಿಬ್ಬರು ನಕ್ಕರು. ಅಣ್ಣ ನಗಲಿಲ್ಲ. ಆಸ್ಪತ್ರೆಯಲ್ಲಿ ಲೀನಾಳ ತುಟಿಗೆ ಹೊಲಿಗೆ ಹಾಕಿದರು. ಹೊಲಿಗೆ ಹಾಕಿದ ಡಾಕ್ಟರು, "ಸ್ವಲ್ಪ ಮೇಲೆ ಆಗಿದ್ದರೆ ಕಣ್ಣಿಗೇ ಕಷ್ಟವಿತ್ತು," ಎಂದರು. ಅಷ್ಟು ಸಾಕಾಯಿತು. ಹಿಂದೆ ಬರುವಾಗ ಬಸ್ಸಿನಲ್ಲಿ ಅಣ್ಣ ಬಾಯಿ ಬಿಟ್ಟ.

"ಸಿಸಿಲಿ, ಆ ಹಕ್ಕಿ ಇನ್ನು ಮನೆಯಲ್ಲಿ ಬೇಡ. ನನ್ನ ಪರಿಚಯದ ಡ್ರೈವರ್ ಒಬ್ಬ ಘಾಟಿ ಬಸ್ಸು ಓಡಿಸ್ತಾನೆ. ಶನಿವಾರ ಅವನ ಕೈಯಲ್ಲಿ ಕೊಟ್ಟು ಕಳಿಸ್ತೇನೆ. ಕಾಡಿನ ಹತ್ತಿರ ಬಿಟ್ಟು ಬರ್ಲಿ."

"ಅದರ ರೆಕ್ಕೆ ಕತ್ತರಿಸಿದ್ದಾರೆ ಅಣ್ಣ. ಹಾರ್ಲಿಕ್ಕೆ ಬರುದಿಲ್ಲ. ಕಾಡಿನಲ್ಲಿ ಒಂದು ದಿನ ಬದುಕುದಿಲ್ಲ."

"ಮೊದಲು ನನ್ನ ಮಗಳ ಮುಖ ನೋಡು. ಹಕ್ಕಿಯ ರೆಕ್ಕೆ ಆಮೇಲೆ ನೋಡುವಾ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಮಾತಿಗೇ ನನಗೆ ಸಿಟ್ಟು ಬರುವುದು ಹೆಚ್ಚು. "ಹಾಗಾದರೆ ಹಕ್ಕಿಯೊಟ್ಟಿಗೆ ನಾನೂ ಹೋಗ್ತೇನೆ," ಎಂದುಬಿಟ್ಟೆ. ಎಲ್ಲಿಗೆ ಎಂದು ನನಗೇ ಗೊತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣ ಕಿಟಕಿಯ ಹೊರಗೆ ನೋಡಿದ.

ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಮದುವೆಯಾಗದವಳು. ಅಪ್ಪ, ಅಮ್ಮ ಹೋದ ಮೇಲೆ ಅಣ್ಣನ ಮನೆಯಲ್ಲೇ ಇದ್ದೇನೆ. ಅಣ್ಣ, ಅತ್ತಿಗೆ ಇಬ್ಬರೂ ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಆದರೂ ಆ ಮನೆಯಲ್ಲಿ ಇದು ನನ್ನದು ಎಂದು ಹೇಳುವಂಥದ್ದು ಒಂದು ಪೆಟ್ಟಿಗೆ, ಒಂದು ಮಂಚ. ಆ ಗಿಣಿ ಮಾತ್ರ ನನ್ನದಾಗಿತ್ತು. ಕಚ್ಚಿದರೂ ನನ್ನದೇ.

ಅದು ಸಿಕ್ಕಿದ್ದು ಆ ಮಳೆಗಾಲದ ಆರಂಭದಲ್ಲಿ. ಬೋಳಾರದಲ್ಲಿ ಕಾಯಿಲೆ ಬಿದ್ದಿದ್ದ ಗೆಳತಿಯನ್ನು ನೋಡಿ ಬರುತ್ತಿದ್ದೆ. ರಸ್ತೆ ಬದಿಯ ಗೋಳಿಮರದ ಕೆಳಗೆ ಗಿಳಿಶಾಸ್ತ್ರದವನೊಬ್ಬ ಕೂತಿದ್ದ. ಎದುರಿಗೆ ದೇವರ ಚಿತ್ರಗಳಿದ್ದ ಕಾಗದಗಳ ಸಾಲು, ಪಕ್ಕದಲ್ಲಿ ಪುಟ್ಟ ಪಂಜರ. ಶಾಸ್ತ್ರ ಕೇಳಲು ಕೂತಿದ್ದ ಗಿರಾಕಿ ಕಾದು ಕಾದು ಎದ್ದುಹೋದ. ಗಿಣಿ ಹೊರಗೆ ಬಂದು ಕಾಗದ ಎತ್ತಲೇ ಇಲ್ಲ. ಅವನು ಪಂಜರದೊಳಗೆ ಕೋಲು ಹಾಕಿ ತಿವಿಯತೊಡಗಿದ. ಹಕ್ಕಿ ಕೂಗಲೂ ಇಲ್ಲ, ಕಂಬಿಗೆ ಒತ್ತಿ ನಿಂತಿತು. ಅದರ ಒಂದು ಕಾಲಿನ ಬೆರಳು ಸೊಟ್ಟಗಿತ್ತು.

"ಎಂತಕ್ಕೆ ಹೊಡಿತೀ ಅದಕ್ಕೆ?" ಎಂದೆ.

ಅವನು ಘಟ್ಟದ ಮೇಲಿನವನು. "ಕಳ್ಳ ಹಕ್ಕಿ ಅಮ್ಮ ಇದು. ಕರೆದ್ರೆ ಬರಲ್ಲ, ಬಂದ್ರೆ ಕಚ್ಚುತ್ತೆ," ಎಂದ.

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಅವನು ಹೆಗಲ ವಸ್ತ್ರ ತೆಗೆದು ಗಡಿಬಿಡಿಯಲ್ಲಿ ಕಾಗದಗಳಿಗೆ ಹೊದಿಸಿದ. ಗಿಣಿ ನೆನೆಯುತ್ತಾ ಇತ್ತು.

"ಕಾಗದಕ್ಕೆ ವಸ್ತ್ರ, ಜೀವಕ್ಕೆ ಎಂತ ಇಲ್ವಾ?"

"ಕಾಗದ ಹೋದ್ರೆ ನನ್ನ ಹೊಟ್ಟೆ ಹೋಯ್ತಮ್ಮ. ಹಕ್ಕಿ ಬೇರೆ ಸಿಗುತ್ತೆ."

ಅವನ ಕಣ್ಣು ನನ್ನ ಕೊಡೆಯ ಮೇಲಿತ್ತು. ನಾನು ಕೊಡೆ ಕೊಟ್ಟೆ, ಅವನು ಪಂಜರ ಕೊಟ್ಟ. ಮೈಯೆಲ್ಲಾ ನೆನೆದು ಗಿಣಿಯೊಂದಿಗೆ ಮನೆಗೆ ಬಂದ ನನ್ನನ್ನು ನೋಡಿ ಅಣ್ಣ, "ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯ್ತು," ಎಂದ. ಅತ್ತಿಗೆ ಶಿಲುಬೆಯ ಗುರುತು ಮಾಡಿಕೊಂಡಳು. ಭವಿಷ್ಯ ಕೇಳುವುದು ಪಾಪವೆಂದು ಇಗರ್ಜಿಯಲ್ಲಿ ಪಾದ್ರಿಗಳು ಹೇಳುತ್ತಾರೆ. ಭವಿಷ್ಯ ಹೇಳುವ ಹಕ್ಕಿಯೇ ಮನೆಗೆ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಕೊಂಕಣಿಯಲ್ಲಿ ಗಿಣಿಗೆ ಕೀರ್ ಎನ್ನುತ್ತೇವೆ. ಅದನ್ನೇ ಹೆಸರಾಗಿ ಕರೆದೆವು. ದೊಡ್ಡ ಪಂಜರ ತರಿಸಿ ಜಗಲಿಯಲ್ಲಿ ತೂಗುಹಾಕಿದೆ. ಕೀರ್ ಮೊದಲ ದಿನವೇ ನನ್ನ ಬೆರಳು ಕಚ್ಚಿತು. ಗಾಯ ಮಾಯುವ ಮೊದಲು ಇನ್ನೊಂದು ಬೆರಳು. ಅತ್ತಿಗೆ ಇಗರ್ಜಿಯಿಂದ ತೀರ್ಥ ತಂದು ಚಿಮುಕಿಸಿದಳು. ಅದು ತಲೆ ಕೊಡವಿ ನೀರು ಹಾರಿಸಿತು.

"ಹೀಗೆ ಆಗುದಿಲ್ಲ ಬಾಯಿ," ಎಂದಳು ಅತ್ತಿಗೆ. ಕೊಂಕಣಿಯಲ್ಲಿ ಅಕ್ಕ ಎಂದ ಹಾಗೆ, ಅವಳು ನನ್ನನ್ನು ಬಾಯಿ ಎಂದೇ ಕರೆಯುವುದು. "ಸಂತರು ಒಳಗೆ ಕೂತರೆ ಸೈತಾನ ಹೊರಗೆ ಹೋಗ್ತಾನೆ. ಅಂತೋನಿಯವರ ಚಿತ್ರ ಒಂದು ಒಳಗೆ ಇಡಿ."

ನನಗೂ ಸರಿ ಕಂಡಿತು. ನಮ್ಮಲ್ಲಿ ಸಂತರ ಚಿತ್ರ ಎಲ್ಲಿ ಇಲ್ಲ? ಬಾಗಿಲ ಮೇಲೆ, ಅಕ್ಕಿ ಡಬ್ಬದ ಒಳಗೆ, ಪರೀಕ್ಷೆಗೆ ಹೋಗುವ ಮಕ್ಕಳ ಜೇಬಿನಲ್ಲಿ. ಪ್ರಾರ್ಥನೆ ಪುಸ್ತಕದೊಳಗೆ ನಾನು ಇಟ್ಟುಕೊಂಡಿದ್ದ, ಅಂಗೈಯಷ್ಟು ದೊಡ್ಡ ದಪ್ಪ ಕಾಗದದ ಅಂತೋನಿಯವರನ್ನು ಕಂಬಿಗಳ ನಡುವೆ ಸಿಕ್ಕಿಸಿದೆ. ಮರುದಿನ ಬೆಳಿಗ್ಗೆ ಅವರು ಪಂಜರದ ನೆಲದಲ್ಲಿ ಬಿದ್ದಿದ್ದರು. ಪುನಃ ಸಿಕ್ಕಿಸಿದೆ, ಪುನಃ ಬಿದ್ದರು. ಎತ್ತಿ ಸಿಕ್ಕಿಸಲು ಹೋದಾಗಲೆಲ್ಲ ನನಗೆ ಕಡಿತ. ಅತ್ತಿಗೆಗೆ ಸಂಶಯವೇ ಉಳಿಯಲಿಲ್ಲ. "ನೋಡಿದಿರಾ ಬಾಯಿ, ಸಂತರನ್ನೇ ಕೆಳಗೆ ದೂಡ್ತದೆ."

ನಾನು ಹಟದವಳು. ಅಂತೋನಿಯವರ ಜೊತೆಗೆ ಇನ್ನೊಬ್ಬರು ಸಂತರನ್ನು ಇಟ್ಟೆ. ಆಮೇಲೆ ಮಾತೆ ಮರಿಯಳನ್ನೂ ಇಟ್ಟೆ. ಪಂಜರ ನಮ್ಮ ಮನೆಯ ದೇವರ ಅಲ್ತಾರಿಗಿಂತ ಹೆಚ್ಚು ತುಂಬಿತು, ಹಕ್ಕಿ ಮೊದಲಿಗಿಂತ ಕೆರಳಿತು. ಅಣ್ಣನ ಹೆಬ್ಬೆರಳಿಗೂ ಒಂದು ದಿನ ಬಿತ್ತು. ಬಂದ ಲಗ್ನಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಪಂಜರದ ಬಾಗಿಲು ಸರಿಮಾಡಲು ಹೋಗಿದ್ದ. ಕಡೆಗೆ ಲೀನಾ. ಶಾಲೆಯಲ್ಲಿ ಬಹುಮಾನ ಸಿಕ್ಕಿದ ಬಾಲಯೇಸುವಿನ ಚಿತ್ರ ತಂದಿದ್ದಳು. ಚಿತ್ರಕ್ಕೆ ಮುತ್ತಿಡಲು ನಾವು ಮಕ್ಕಳಿಗೆ ಕಲಿಸುವ ಹಾಗೆ ಅವಳು ಗಿಣಿಗೂ ಕಲಿಸಲು ಹೊರಟಳು. ಚಿತ್ರವನ್ನು ಕಂಬಿಗೆ ಹಿಡಿದು, ತಾನೂ ಬಗ್ಗಿ, "ಮುತ್ತು ಕೊಡು ಕೀರ್," ಎಂದಳು. ಆಗಲೇ ಆ ಕಡಿತ, ಆ ಬಸ್ಸು, ಆ ಹೊಲಿಗೆ.

ಶನಿವಾರ ಹತ್ತಿರ ಬರುತ್ತಿತ್ತು. ಹಕ್ಕಿ ಸಾಯುತ್ತದೆ, ನಾನು ಆಡಿದ ಮಾತಿಗೆ ಮನೆ ಬಿಡಬೇಕು, ಇಲ್ಲವೇ ಮಾತು ನುಂಗಿ ಅಲ್ಲೇ ಇರಬೇಕು. ಯಾವುದು ಹೆಚ್ಚು ಕಹಿಯೋ ತಿಳಿಯಲಿಲ್ಲ. "ಅಂತೋನಿಯವರೇ, ಈ ಹಕ್ಕಿ ಎಂತಕ್ಕೆ ಕಚ್ತದೆ ಎಂದಾದರೂ ತೋರಿಸಿ ಕೊಡಿ," ಎಂದು ನೊವೆನಾ ಶುರು ಮಾಡಿದೆ. ಕಚ್ಚುವುದನ್ನು ನಿಲ್ಲಿಸಿ ಎಂದು ಬೇಡಬೇಕಿತ್ತೋ ಏನೋ. ನನಗೆ ಯಾವಾಗಲೂ ಕಾರಣ ತಿಳಿಯುವ ಚಪಲವೇ ಹೆಚ್ಚು.

ಶುಕ್ರವಾರ ಅಣ್ಣ ಸುದ್ದಿ ತಂದ. ಘಾಟಿಯಲ್ಲಿ ಗುಡ್ಡ ಜರಿದು ದಾರಿ ಕಟ್ಟಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಬಸ್ಸುಗಳು ಮಾತ್ರ ನಿಂತಿದ್ದವು. ಮಣ್ಣು ತೆಗೆಯುವವರೆಗೆ ಕೀರಿಗೆ ಆಯುಷ್ಯ ಸಿಕ್ಕಿತು. ಗುಡ್ಡ ಜರಿದದ್ದನ್ನು ಕೃಪೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆ ದಿನ ಮೊಣಕಾಲೂರಿ ವಂದಿಸಿದ್ದು ನಿಜ.

ಭಾನುವಾರ ಮಧ್ಯಾಹ್ನ ಗಾಳಿಮಳೆ ಜಗಲಿಯೊಳಗೇ ನುಗ್ಗಿತು. ಪಂಜರದ ಸಂತರೆಲ್ಲ ನೆನೆದು ತೊಪ್ಪೆಯಾದರು. ಅತ್ತಿಗೆ ಅವರನ್ನು ಭಕ್ತಿಯಿಂದ ಎತ್ತಿಕೊಂಡು ಹೋಗಿ ಅಡಿಗೆಮನೆಯಲ್ಲಿ ಒಲೆಯ ಪಕ್ಕ ಒಣಗಲು ಇಟ್ಟಳು. ನಾನು ಪಂಜರ ಒರೆಸಿದೆ, ನೀರು ಬದಲಿಸಿದೆ, ಪೇರಳೆಯ ತುಂಡು ಇಟ್ಟೆ. ಕೈ ಹೊರಗೆ ತೆಗೆದ ಮೇಲೆ ನೋಡಿಕೊಂಡೆ. ಗಾಯವಿಲ್ಲ. ಕೀರ್ ದೂರ ಸರಿದು ನಿಂತಿತ್ತು, ಅಷ್ಟೆ.

ಇದೆಂತದು ಎಂದುಕೊಂಡು ಕಾಪಿ ತಿದ್ದುವ ನೆಪದಲ್ಲಿ ಅಲ್ಲೇ ಕೂತೆ. ಸ್ವಲ್ಪ ಹೊತ್ತಿನಲ್ಲಿ ಹಕ್ಕಿ ಪೇರಳೆ ತಿಂದಿತು. ಮೈ ಕೊಡವಿ ಗರಿ ತಿದ್ದಿಕೊಂಡಿತು. ಮೇಲಿನ ಕೊಕ್ಕನ್ನು ಕೆಳಗಿನದಕ್ಕೆ ತೇಯುವ ನೆಮ್ಮದಿಯ ಸಣ್ಣ ಸದ್ದು ಕೇಳಿಸಿತು. ಅಷ್ಟು ದಿನದಲ್ಲಿ ನಾನು ಆ ಸದ್ದನ್ನು ಕೇಳಿರಲೇ ಇಲ್ಲ. ಮಳೆ ನಿಲ್ಲುವವರೆಗೆ ಒಂದು ಕಾಲು ಮಡಚಿಕೊಂಡು ನಿದ್ದೆ ಮಾಡಿತು.

ಸಂಜೆ ಜಪಮಾಲೆಗೆ ಮೊದಲು ಅತ್ತಿಗೆ ಒಣಗಿದ ಅಂತೋನಿಯವರನ್ನು ತಂದುಕೊಟ್ಟಳು. ನಾನು ಎಂದಿನಂತೆ ಕಂಬಿಗೆ ಸಿಕ್ಕಿಸಿದೆ, ಆದರೆ ಎದ್ದು ಹೋಗಲಿಲ್ಲ. ನೋಡುತ್ತಾ ಕೂತೆ. ಕೀರ್ ಕಣ್ಣು ತೆರೆಯಿತು. ಕೂತಿದ್ದ ಅಡ್ಡಕಡ್ಡಿಯಿಂದ ಕೆಳಗಿಳಿದು, ಒಂದೊಂದೇ ಹೆಜ್ಜೆ ಇಟ್ಟು ಚಿತ್ರದ ಹತ್ತಿರ ಬಂತು. ಮೂಲೆಯನ್ನು ಕೊಕ್ಕಿನಲ್ಲಿ ಹಿಡಿದು ಎಳೆದು, ನಾನಿದ್ದ ಬದಿಗೆ ತಂದು ಹಾಕಿತು. ಆಮೇಲೆ ಕಣ್ಣು ಮುಚ್ಚಿತು. ಕುತ್ತಿಗೆಯನ್ನು ಒಳಗೆಳೆದುಕೊಂಡು, ಮೈಯನ್ನು ಕುಗ್ಗಿಸಿ ನೆಲಕ್ಕೆ ಒತ್ತಿಕೊಂಡಿತು. ಕಾಯುತ್ತಿತ್ತು. ಯಾವುದಕ್ಕೆ ಎಂದು ನನಗೆ ಹೊಳೆಯಲಿಲ್ಲ. ಚಿತ್ರ ಎತ್ತಲು ಕೈ ಹಾಕಿದೆ. ನೆಗೆದು ಬಂದು ಕಚ್ಚಿತು.

ರಕ್ತ ಬಂತು. ನಾನು ಕೈಯನ್ನು ಎಳೆದುಕೊಳ್ಳಲೂ ಮರೆತೆ. ಬೋಳಾರದ ಗೋಳಿಮರ, ಕಾಗದಗಳ ಸಾಲು, ಆ ಕೋಲು, ಎಲ್ಲವೂ ಒಟ್ಟಿಗೇ ಕಣ್ಣೆದುರು ಬಂದವು. ಅಯ್ಯೋ ದೇವರೇ! ನಾವು ಸಂತರನ್ನು ಕಾವಲಿಗೆ ಇಟ್ಟಿದ್ದೆವು. ಕೀರಿಗೆ ಅದು ಕೆಲಸದ ಕಾಗದ. ದಿನ ದಿನವೂ ಅದು ನಮಗೆ ಕಾಗದ ಎತ್ತಿ ಕೊಟ್ಟಿತ್ತು, ಕೊಟ್ಟ ಮೇಲೂ ಕೋಲು ಬರುತ್ತದೆಂದು ಏಟಿಗೆ ಕಾದಿತ್ತು, ಏಟು ಬೀಳುವ ಮೊದಲೇ ಕೈಯನ್ನು ಕಚ್ಚಿತ್ತು. ಅಣ್ಣನ ಕೈಯಲ್ಲಿ ಲಗ್ನಪತ್ರಿಕೆ. ಲೀನಾಳ ಕೈಯಲ್ಲಿ ಬಾಲಯೇಸು. ಕೀರ್ ಶಾಸ್ತ್ರದ ಹಕ್ಕಿ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂತರ ಚಿತ್ರವೂ ಒಂದು ಕಾಗದವೇ ಎಂದು ಮಾತ್ರ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹುಟ್ಟಿದಂದಿನಿಂದ ಮುತ್ತಿಟ್ಟು ಬೆಳೆದವರು ನಾವು, ನಮಗೆ ಅದು ಹೇಗೆ ಕಾಗದವಾಗಿ ಕಾಣಬೇಕು?

ಅತ್ತಿಗೆಗೆ ಹೇಳಿದೆ. ಅವಳು ಒಪ್ಪಲಿಲ್ಲ.

"ಸಂತರನ್ನು ಹೊರಗೆ ಹಾಕ್ಲಿಕ್ಕೆ ಹಕ್ಕಿಯೇ ಹೇಳಿತಾ ಬಾಯಿ?"

"ಹೌದು ಮಾರಾಯ್ತಿ. ಬಂದಂದಿನಿಂದ ಹೇಳ್ತಾ ಉಂಟು. ನಮಗೆ ಕೇಳಲಿಲ್ಲ."

"ಅವರಿಗೇ ನೊವೆನಾ ಹೇಳ್ತಾ ಅವರನ್ನೇ ಹೊರಗೆ ಹಾಕುದಾ? ಮಂಗಳವಾರ ಅವರ ದಿನ, ಇಗರ್ಜಿಗೆ ಹೋಗಿ ಅವರನ್ನೇ ಕೇಳಿ. ಅಲ್ಲಿವರೆಗೆ ತೆಗಿಬೇಡಿ."

"ಇನ್ನೂ ಸರಿ ಒಣಗಲಿಲ್ಲ," ಎಂದು ಅಂತೋನಿಯವರನ್ನು ಪುನಃ ಒಲೆಯ ಪಕ್ಕ ಇಟ್ಟುಬಂದೆ. ಚಿತ್ರ ಹಪ್ಪಳದ ಹಾಗೆ ಒಣಗಿತ್ತು.

ಮಂಗಳವಾರ ಶಾಲೆ ಬಿಟ್ಟು ನೇರ ಇಗರ್ಜಿಗೆ ಹೋದೆ. ನನಗೂ ಒಳಗೆ ಹೆದರಿಕೆ ಇತ್ತು. ಹೆದರಿಕೆಯಿಲ್ಲದವಳ ಹಾಗೆ ಮಾತಾಡುವುದು ನನ್ನ ಸ್ವಭಾವ. ಸಂತರ ಪ್ರತಿಮೆಯ ಎದುರು ಮೊಣಕಾಲೂರಿ, ಹೇಳಬೇಕಾದ್ದನ್ನು ಹೇಳಿದೆ: "ಅಂತೋನಿಯವರೇ, ಕಾರಣ ತೋರಿಸಿ ಅಂದೆ, ತೋರಿಸಿದಿರಿ. ಆದರೆ ನಿಮ್ಮನ್ನು ನೋಡಿದ ಕೂಡಲೇ ಆ ಜೀವಕ್ಕೆ ಕೋಲಿನ ನೆನಪಾಗ್ತದೆ. ಅದು ನಿಮ್ಮ ತಪ್ಪಲ್ಲ, ಅದರದ್ದೂ ಅಲ್ಲ. ನೀವು ಸ್ವಲ್ಪ ಹೊರಗೆ ಬರ್ತೀರಾ?"

ಉತ್ತರ ಕೇಳಿಸಲಿಲ್ಲ. ಬೆಳಕೂ ಕಾಣಿಸಲಿಲ್ಲ. ಬಾಲಯೇಸುವನ್ನು ಎತ್ತಿಕೊಂಡು ನಿಂತಿದ್ದ ಅವರ ಕೈಗಳನ್ನೇ ನೋಡುತ್ತಾ ಇದ್ದೆ. ಮಗುವನ್ನು ಅಷ್ಟು ಹಗುರವಾಗಿ ಹಿಡಿಯುವವರು ಒಂದು ಹಕ್ಕಿಗೆ ಹೆದರಿಕೆಯಾಗುವ ಕಡೆ ಹಟ ಹಿಡಿದು ಕೂರುವರೇ ಎಂದು ಅನ್ನಿಸಿತು. ಎದ್ದು ಹೊರಗೆ ಬರುವಾಗ ನನ್ನ ಹೆದರಿಕೆ ಹೋಗಿತ್ತು. ಮನೆಗೆ ಬಂದು ಚಿತ್ರಗಳನ್ನೆಲ್ಲ ನನ್ನ ಮಂಚದ ಪಕ್ಕದ ಗೋಡೆಗೆ ಅಂಟಿಸಿದೆ. ಅತ್ತಿಗೆ ನೋಡಿದಳು, ಅವುಗಳ ಎದುರು ಮೇಣದ ಬತ್ತಿ ಹಚ್ಚಿದಳು.

ಆಮೇಲಿನದು ನಿಧಾನದ ಕೆಲಸ. ಕೋಲಿನ ಹಾಗೆ ಕಾಣುವುದನ್ನೆಲ್ಲ ಜಗಲಿಯಿಂದ ತೆಗೆದೆ. ಗುಡಿಸುವ ಹಿಡಿಸೂಡಿ, ಶಾಲೆಯ ಅಡಿಕೋಲು, ಅಣ್ಣನ ಕೊಡೆ. ಪಂಜರವನ್ನು ನೆಲಕ್ಕೆ ಇಳಿಸಿದೆ. ಸಂಜೆ ಶಾಲೆಯಿಂದ ಬಂದು ಅದರ ಬಾಗಿಲು ತೆರೆದಿಟ್ಟು, ಪಕ್ಕಕ್ಕೆ ಮುಖ ಮಾಡಿ ಕೂತು, ಖಾಲಿ ಕೈಯನ್ನು ನೆಲದ ಮೇಲೆ ಇಡುತ್ತಿದ್ದೆ. ಅಂಗೈಯಲ್ಲಿ ಭತ್ತ ಇಟ್ಟರೆ ಅದು ಬರಲಿಲ್ಲ. ಕಾಗದ ಎತ್ತಿದ ಮೇಲೆ ಕೂಲಿಯಾಗಿ ಸಿಗುತ್ತಿದ್ದ ಭತ್ತವದು, ಕೆಲಸವಿಲ್ಲದೆ ತಿನ್ನಬಹುದೆಂದು ಅದಕ್ಕೆ ಗೊತ್ತಿರಲಿಲ್ಲವೋ ಏನೋ. ನೆಲದ ಮೇಲೆ ಚೆಲ್ಲಿ ನೋಡಿದೆ. ಮೊದಲು ದೂರದ ಕಾಳು ತಿಂದಿತು, ಆಮೇಲೆ ಹತ್ತಿರದ್ದು. ಬೆರಳನ್ನು ಮಾತ್ರ ಮುಟ್ಟಲಿಲ್ಲ.

ಲೀನಾ ತುಟಿ ಊದಿಸಿಕೊಂಡು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. "ಅದಕ್ಕೆ ನನ್ನ ಮೇಲೆ ಸಿಟ್ಟಾ ಅತ್ತೆ?" ಎಂದು ಕೇಳಿದಳು.

"ನಿನ್ನ ಮೇಲೆ ಅಲ್ಲ ಪುಟ್ಟಿ. ನಿನ್ನ ಕೈಯಲ್ಲಿ ಇದ್ದ ಕಾಗದ ಕಂಡು ಹೆದರಿದ್ದು."

"ಬಾಲಯೇಸುವಿಗೆ ಹೆದರುದಾ?" ಎಂದು ಅವಳು ಕಣ್ಣರಳಿಸಿದಳು. ಅವಳಿಗೆ ಅದನ್ನು ವಿವರಿಸುವಷ್ಟರಲ್ಲಿ ನನಗೆ ಬೆವರಿತು.

ಅಣ್ಣ ಇದನ್ನೆಲ್ಲ ನೋಡಿದರೂ ನೋಡದವನ ಹಾಗೆ ಇದ್ದ. ಒಂದು ಶನಿವಾರ ಬೆಳಿಗ್ಗೆ ಮುಚ್ಚಳದ ಬುಟ್ಟಿ ಹಿಡಿದು ಜಗಲಿಗೆ ಬಂದ. ಘಾಟಿಯ ಮಣ್ಣು ತೆಗೆದಿದ್ದರು.

"ಸಿಸಿಲಿ, ಡ್ರೈವರಿಗೆ ಹೇಳಿದ್ದೇನೆ. ಈಗ ರಸ್ತೆಯಲ್ಲಿ ಬಸ್ಸು ನಿಲ್ಲಿಸ್ತಾನೆ."

"ಈಗ ಕಚ್ಚುದಿಲ್ಲ ಅಣ್ಣ. ಕಾರಣ ಸಿಕ್ಕಿತು."

"ನಿನ್ನ ಕೈಗೆ ಅದು ಬಂದದ್ದು ಉಂಟಾ? ಒಂದು ಸಲ?"

ಇಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಣ್ಣ ಕೈಗೆ ದಪ್ಪ ಟವೆಲು ಸುತ್ತಿಕೊಳ್ಳತೊಡಗಿದ.

"ಟವೆಲ್ ಬೇಡ," ಎಂದೆ. "ನಾನೇ ಹಾಕ್ತೇನೆ. ಹೋಗುದಾದರೆ ಹೆದರದೆ ಹೋಗ್ಲಿ."

ನೆಲದಲ್ಲಿ ಕೂತು ಪಂಜರದ ಬಾಗಿಲು ತೆರೆದೆ. ಭತ್ತ ಇಡಲಿಲ್ಲ, ಹೆಸರು ಕರೆಯಲಿಲ್ಲ. ಕೈ ಇಟ್ಟೆ, ಅಷ್ಟೆ. "ಅಂತೋನಿಯವರೇ, ನಿಮ್ಮ ಇಷ್ಟ," ಎಂದೆ ಮನಸ್ಸಿನಲ್ಲಿ. ಕೀರ್ ಹೊರಗೆ ಬಂತು. ನೆಲವನ್ನು ಆಚೆ ಈಚೆ ನೋಡಿತು. ಎತ್ತಲು ಯಾವ ಕಾಗದವೂ ಇರಲಿಲ್ಲ. ನನ್ನ ಕೈಯ ಹತ್ತಿರ ಬಂದು ತೋರುಬೆರಳನ್ನು ಕೊಕ್ಕಿನಲ್ಲಿ ಹಿಡಿಯಿತು.

ನಾನು ಕಣ್ಣು ಮುಚ್ಚಿದೆ. ನನ್ನ ಕುತ್ತಿಗೆ ತಾನಾಗಿ ಒಳಗೆ ಹೋಯಿತು. ಏಟಿಗೆ ಕಾಯುವುದೆಂದರೆ ಹೇಗೆ ಎಂದು ಆಗ ತಿಳಿಯಿತು.

ಕಡಿತ ಬರಲಿಲ್ಲ. ಕೊಕ್ಕು ಬೆರಳನ್ನು ಮೆಲ್ಲಗೆ ಒತ್ತಿ, ಬಿಟ್ಟು, ಪುನಃ ಹಿಡಿಯಿತು. ನಾವು ಏಣಿ ಹತ್ತುವ ಮೊದಲು ಅಲ್ಲಾಡಿಸಿ ನೋಡುವುದಿಲ್ಲವೇ, ಹಾಗೆ. ಆಮೇಲೆ ತಣ್ಣಗಿನ ಒಂದು ಕಾಲು ಬೆರಳ ಮೇಲೆ ಬಂತು. ಸೊಟ್ಟ ಬೆರಳಿನ ಕಾಲು. ಅದರ ಹಿಂದೆ ಇನ್ನೊಂದು. ಕಣ್ಣು ತೆರೆದಾಗ ಅದು ನನ್ನ ತೋಳು ಹತ್ತುತ್ತಿತ್ತು. ಹೆಗಲಿಗೆ ಹೋಗಿ ತುರುಬಿನ ಹಿಂದೆ ಅಡಗಿ ಕೂತಿತು.

ಹೊಸ್ತಿಲಲ್ಲಿ ಅತ್ತಿಗೆ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅಣ್ಣ ಖಾಲಿ ಬುಟ್ಟಿ ಹಿಡಿದುಕೊಂಡೇ ಹೊರಗೆ ಹೋದ. ತಿರುಗಿ ಬರುವಾಗ ಕೈಯಲ್ಲಿ ಬುಟ್ಟಿ ಇರಲಿಲ್ಲ.

"ಬುಟ್ಟಿ ಎಲ್ಲಿ?" ಎಂದಳು ಅತ್ತಿಗೆ.

"ಬರುವಾಗ ಕಿತ್ತಳೆ ತಾ ಅಂತ ಡ್ರೈವರಿಗೆ ಕೊಟ್ಟೆ. ಸುಮ್ಮನೆ ಅವನನ್ನು ನಿಲ್ಲಿಸಿದ್ದಕ್ಕೆ ಎಂತಾದರೂ ಹೇಳ್ಬೇಕಲ್ಲ." ಆಮೇಲೆ ನನ್ನ ಮುಖ ನೋಡದೆ, ಕೈಯ ಟವೆಲು ಬಿಚ್ಚುತ್ತಾ ಹೇಳಿದ: "ಇಬ್ಬರೂ ಎಲ್ಲಿಗೂ ಹೋಗುದು ಬೇಡ. ಕೇಳ್ತಾ?"

ಬಸ್ಸಿನಲ್ಲಿ ನಾನು ಆಡಿದ್ದ ಮಾತನ್ನು ಅವನು ಅಷ್ಟು ದಿನ ಹೊತ್ತುಕೊಂಡೇ ತಿರುಗಿದ್ದ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಯಾಕೆ ಅಳುತ್ತಾಳೆ ಎಂದು ಲೀನಾ ಕೇಳಿದಳು.

ಭಕ್ತ ಬಂಧುಗಳೇ, ಕೀರ್ ಈಗ ಮನೆಯಲ್ಲಿ ಓಡಾಡಿಕೊಂಡಿದೆ. ಅದು ಮಾತಾಡುತ್ತದೆಯೇ ಎಂದು ಕೇಳುವವರುಂಟು. ನಾನು ಕಲಿಸಲಿಲ್ಲ. ಬೇರೆಯವರಿಗಾಗಿ ದುಡಿದದ್ದು ಅದಕ್ಕೆ ಸಾಕು. ನನ್ನ ನಂಬಿಕೆಯ ವಿಷಯ ಕೇಳಿದರೆ, ಅದು ಮೊದಲಿಗಿಂತ ಗಟ್ಟಿಯಾಗಿದೆ. ನನ್ನ ಸಂತರು ನನ್ನ ಹಕ್ಕಿಗಾಗಿ ಜಾಗ ಬಿಟ್ಟುಕೊಟ್ಟವರು. ಅಂಥವರನ್ನು ಕರೆಯಲು ನನಗೆ ಈಗ ಯಾವ ಸಂಕೋಚವೂ ಇಲ್ಲ. ಸಂತರ ಹೆಸರಿನಲ್ಲಿ ಮಂಗಳವಾರ ಬಡವರಿಗೆ ರೊಟ್ಟಿ ಹಂಚಿಸುವ ಹರಕೆಯನ್ನೂ ಹೊತ್ತಿದ್ದೆ, ಅದನ್ನು ಅಣ್ಣನೇ ಹೋಗಿ ತೀರಿಸಿ ಬಂದ. ಉಳಿದಿದ್ದ ಈ ಬರವಣಿಗೆಯ ಹರಕೆಯನ್ನು ನಾನು ಇವತ್ತು ತೀರಿಸಿದೆ. ಸಂತ ಅಂತೋನಿಯವರಿಗೆ ನನ್ನ, ನಮ್ಮ ಮನೆಯವರೆಲ್ಲರ, ಮತ್ತು (ಅದನ್ನು ಕೇಳದೆಯೇ ಸೇರಿಸುತ್ತಿದ್ದೇನೆ) ಕೀರಿನ ವಂದನೆ.